ಕೆಮ್ಮುವ ನೋಟ್‌ಬುಕ್

ಸುಳ್ಳು ಬರೆದರೆ ಕೆಮ್ಮುವ ನೋಟ್‌ಬುಕ್‌ಗಳು ಶಾಲೆಗೆ ಬಂದು ಮೂರು ವರ್ಷವಾಗಿತ್ತು. ಕೆಮ್ಮಿಗೊಂದು ಅಂಕ ಹೋಗುತ್ತಿತ್ತು.

ಹತ್ತನೇ ತರಗತಿಯ ಇಂಚರ ‘ನಾನು ಬರಹಗಾರ್ತಿಯಾಗಿ ಬೆಳೆದ ಬಗೆ’ ಎಂಬ ಪ್ರಬಂಧ ಬರೆಯಲು ಕುಳಿತಳು. ‘ದಿನವೂ ಓದುತ್ತೇನೆ’ ಎಂದು ಬರೆದಳು. ಪುಸ್ತಕ ಕೆಮ್ಮಿತು. ‘ಗುರುಗಳೇ ನನಗೆ ಸ್ಫೂರ್ತಿ’ ಎಂದು ಬರೆದಿದ್ದೇ ತಡ, ಉಸಿರು ಕಟ್ಟುವಷ್ಟು ಕೆಮ್ಮಿತು.

“ಏನಮ್ಮಾ ಅದು, ಅಷ್ಟೊಂದು ಕೆಮ್ಮು?” ಕನ್ನಡ ಮೇಷ್ಟ್ರು ಫಣಿರಾಜಪ್ಪ ಕೇಳಿದರು.

“ಪೀಠಿಕೆ, ಸಾರ್.”

ಆ ಎರಡೂ ಸಾಲುಗಳನ್ನು ಹೊಡೆದುಹಾಕಿ, ‘ಈ ಕೆಮ್ಮಿಗೆ ಹೆದರಿಯೇ ನಾನು ಬರೆಯಲು ಕಲಿತೆ’ ಎಂದು ಶುರುಮಾಡಿ ಮೂರು ಪುಟ ತುಂಬಿಸಿದಳು. ಪುಸ್ತಕ ತೆಪ್ಪಗಿತ್ತು.

ಬಸ್ಸಿನ ಅವಸರದಲ್ಲಿದ್ದ ಮೇಷ್ಟ್ರು ಹಾಳೆಗಳನ್ನು ಸರಸರನೆ ತಿರುವಿ, ಕೊನೆಯಲ್ಲಿ ಕೆಂಪು ಶಾಯಿಯಿಂದ ‘ಪೂರ್ತಿ ಓದಿದೆ, ಚೆನ್ನಾಗಿದೆ’ ಎಂದು ಬರೆದು ಸಹಿ ಹಾಕಿದರು.

ಪುಸ್ತಕ ಕೆಮ್ಮಿತು.

ಇಂಚರ ಮುಗ್ಧವಾಗಿ ಕೇಳಿದಳು: “ಉಪಸಂಹಾರಾನಾ, ಸಾರ್?”