ಸಸಿಗೂ ಸಸಿಗೂ ನಡುವೆ

ತೆಂಗಿನ ಸಸಿಗೂ ಸಸಿಗೂ ನಡುವೆ ಎಷ್ಟು ಅಡಿ ಬಿಡಬೇಕು ಎಂಬುದು ೧೯೮೧ರ ಆ ಬುಧವಾರ ಬೆಳಗ್ಗೆ ಒಂಬತ್ತೂಕಾಲಿಗೆ ಇಡೀ ನಾಡನ್ನು ಕಾಡಬೇಕಾಗಿದ್ದ ಪ್ರಶ್ನೆ. ನಾಡು ಕಾಫಿ ಕುಡಿಯುತ್ತಿತ್ತು. ತುಮಕೂರಿನಲ್ಲಿ, ತೆಂಗು ಸಸಿ ನಿಗಮದ ಎದುರಿನ ಹೋಟೆಲಿನಲ್ಲಿ, ಕುಣಿಗಲ್ಲಿನ ಮಹಾಲಿಂಗಯ್ಯ ಮಾತ್ರ ಕಾಫಿ ಮುಟ್ಟದೆ ಕಾಲು ಕುಣಿಸುತ್ತ ಕೂತಿದ್ದ.

"ಹತ್ತಡಿ ಸಾಕಲ್ವಾ?" ಎಂದು ಎದುರಿಗಿದ್ದವನನ್ನು ಕೇಳಿದ.

ಎದುರಿಗಿದ್ದವನು ಯಲ್ಲಯ್ಯ. ನಿಗಮದ ಗುಬ್ಬಿ ನರ್ಸರಿಯಲ್ಲಿ ಹನ್ನೊಂದು ವರ್ಷದಿಂದ ದಿನಗೂಲಿ. ಮೇಲ್ವಿಚಾರಕನ ಒಂದೇ ಒಂದು ಕಾಯಂ ಹುದ್ದೆಗೆ ಇವತ್ತು ಸಂದರ್ಶನ. ಬರುವ ತಿಂಗಳಿಗೆ ಅವನ ವಯಸ್ಸು ಮೀರುತ್ತದೆ.

"ನಿಮ್ದೂ ಹತ್ತು ಗಂಟೆಗೇನಾ, ಸಾಮಿ?"

"ಹೂಂ ಕಣಪ್ಪ. ನಿನ್ನೆ ಸಂಜೆ ಕಾಗ್ದ ಬಂತು. ಪಕ್ಕದಲ್ಲೇ ಡಿಗ್ರಿ ಆದೋರು ಕೂತಿರ್ತಾರಂತೆ. ಮಾನ ಹೋಗ್ತದೆ."

"ನೀವೇನು ಓದಿದೀರಾ?"

"ಎರಡು ಸಲ ಎಲೆಕ್ಷನ್‌ಗೆ ನಿಂತಿದೀನಿ."

"ಗೆದ್ರಾ?"

"ಗೆದ್ದಿದ್ರೆ ಈ ಕೆಲ್ಸ ಕೊಡ್ಸಿ ಅಂತ ಮಂತ್ರಿಗಳ ಮನೆ ಬಾಗ್ಲು ಯಾಕಪ್ಪಾ ಕಾಯ್ತಿದ್ದೆ?"

ಯಲ್ಲಯ್ಯನಿಗೆ ಅರ್ಥವಾಯಿತು. ಮಂತ್ರಿಯ ಕಡೆಯವನು. ಇದ್ದ ಒಂದು ಹುದ್ದೆಯೂ ಹೋಯಿತು. ಎದ್ದು ಹೋಗಬೇಕಿತ್ತು. ಆದರೆ ಹತ್ತಡಿಗೊಂದು ತೆಂಗು ಇಡುವ ಮಾತು ಕೇಳಿಯೂ ಸುಮ್ಮನಿರುವುದು ಅವನ ಜಾಯಮಾನದಲ್ಲಿರಲಿಲ್ಲ.

"ಮೂವತ್ತಡಿ, ಸಾಮಿ! ಹತ್ತಡಿಗಿಟ್ರೆ ಗರಿಗೆ ಗರಿ ಹೆಣ್ಕೊಂಡು ಒಂದು ಕಾಯೂ ಬುಡಾಕಿಲ್ಲ."

ಶುರು ಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಬಿತ್ತನೆಗೆ ಎಂಥ ಮರದ ಕಾಯಿ, ಸುಳಿ ಕೊರೆಯುವ ದುಂಬಿಗೆ ಏನು ಮದ್ದು, ಎಲ್ಲ ಹೇಳಿಕೊಟ್ಟ. ಮಹಾಲಿಂಗಯ್ಯ ಸಿಗರೇಟು ಪೊಟ್ಟಣದ ಹಿಂದೆ ಬರೆದುಕೊಂಡ. ಒಪ್ಪಿಸಿದ. ತಪ್ಪಿದ. ಮತ್ತೆ ಒಪ್ಪಿಸಿದ.

"ನಿನ್ನ ಉಪಕಾರ ಮರೆಯಲ್ಲ ಕಣಪ್ಪ. ಒಳಗೆ ಮಾತ್ರ ನನ್ನ ಗುರುತಿದೆ ಅನ್ಬೇಡ."

"ನಾನ್ಯಾಕಂತೀನಿ, ಬುಡಿ."

ಹತ್ತೂವರೆಗೆ ಜವಾನ ಯಲ್ಲಯ್ಯನ ಹೆಸರು ಕೂಗಿದ. ಒಳಗೆ ಮೇಜಿನ ಹಿಂದೆ ಮೂರು ಕುರ್ಚಿ. ಆ ಕಡೆ ಈ ಕಡೆ ಇಬ್ಬರು ಕೃಷಿ ಅಧಿಕಾರಿಗಳು. ನಡುವಿನ ಕುರ್ಚಿಯಲ್ಲಿ, ಕೊರಳ ಹಾರವನ್ನು ಇನ್ನೂ ತೆಗೆಯದ ನಿಗಮದ ಹೊಸ ಅಧ್ಯಕ್ಷರು: ಮಹಾಲಿಂಗಯ್ಯ.

ಅಧ್ಯಕ್ಷರು ಕೇಳಿದ್ದಕ್ಕೆಲ್ಲ ಯಲ್ಲಯ್ಯ ತಡವರಿಸದೆ ಉತ್ತರ ಕೊಟ್ಟ. ಗುರುತಿದೆ ಎನ್ನಲಿಲ್ಲ. ಕೈಮುಗಿದು ಹೊರಗೆ ಹೋದ.

"ಬಾಳ ತಿಳ್ಕೊಂಡವ್ನೆ, ಸಾರ್," ಎಂದರು ಬಲಗಡೆಯ ಅಧಿಕಾರಿ.

"ಅದೇ ಕಣ್ರೀ," ಎಂದರು ಅಧ್ಯಕ್ಷರು. "ಬಾಳ ತಿಳ್ಕೊಂಡವ್ನೆ."

ಕೆಲಸ ಬೇರೆಯವರಿಗಾಯಿತು.