ಆರನೆಯ ಕುರ್ಚಿಯ ಬಣ್ಣ

"ಕೆಂಪಾಯ್ತು," ಎಂದರು ಮನೆಯ ಯಜಮಾನಿ, ಸೊಂಟದ ಮೇಲೆ ಕೈಯಿಟ್ಟುಕೊಂಡು.

"ಎಲ್ಲಿ ಕೆಂಪಾಯ್ತು? ಒಳ್ಳೇ ಅವಳಿ ಮಕ್ಕಳ ಹಾಗಿದೆ," ಎಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ.

"ಮೊದಲು ತಲೆ ಎತ್ತಿ ನೋಡಿ, ಆಮೇಲೆ ಹೇಳಿ. ಬಲ್ಬು ಹಾಕ್ತೀನಿ ಅಂತ ಹತ್ತಿ ಕುರ್ಚಿ ಕಾಲು ಮುರಿದೋರು ನೀವು. ಇದರಲ್ಲಿ ನೀವು ಬಾಯಿ ಹಾಕಬೇಡಿ."

"ಸದ್ಯ, ಕುರ್ಚಿ ಕಾಲು ತಾನೇ ಮುರಿದದ್ದು! ನನ್ನ ಕಾಲು ಮುರಿದಿದ್ರೆ ನೀನು ಇಷ್ಟು ಮುತುವರ್ಜಿ ವಹಿಸ್ತಾ ಇರಲಿಲ್ಲ ಬಿಡು."

ಊಟದ ಮೇಜಿನ ಸುತ್ತ ಐದು ಹಳೆಯ ಕುರ್ಚಿಗಳು. ಅವುಗಳ ಪಕ್ಕಕ್ಕೆ ಬಡಗಿ ಹೊಸದಾಗಿ ಮಾಡಿಕೊಟ್ಟ ಆರನೆಯದು. ಹಳೆಯ ದುಪ್ಪಟಿ ಹಾಸಿಕೊಂಡು ಪಾಲಿಶ್ ಮೇಸ್ತ್ರಿ ಅದರ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಗಂಡ ಹೆಂಡತಿಯ ಕಿತ್ತಾಟ ಅವನ ಕಿವಿಗೆ ಹಿತವಾಗಿತ್ತು. ಅದು ಬೇಗ ಮುಗಿಯದಿರಲಿ ಎಂದುಕೊಂಡು ಒರೆಸಿದ ಕಾಲನ್ನೇ ಮತ್ತೆ ಒರೆಸುತ್ತಿದ್ದ. ಅವನ ಮನೆಯಲ್ಲಿ ಜಗಳವಾಡಲು ಈಗ ಯಾರೂ ಇರಲಿಲ್ಲ.

"ನೀವೇ ಹೇಳಿ ಮೇಸ್ತ್ರಿ," ಯಜಮಾನಿ ಅವನ ಕಡೆ ತಿರುಗಿದರು. "ಈ ಕೆಲಸದಲ್ಲಿ ಪಳಗಿದೋರು ನೀವು. ಬಣ್ಣ ಕೂಡಿದೆಯಾ, ಇಲ್ವಾ?"

ಮೇಸ್ತ್ರಿ ಸಾಲಾಗಿ ಎಲ್ಲ ಕುರ್ಚಿಗಳ ಮೇಲೂ ಕಣ್ಣಾಡಿಸಿದ. ಅವನ ಕಣ್ಣಿಗೆ ಆರು ಕುರ್ಚಿಯೂ ಒಂದೇ. ಕೆಂಪು, ಕಂದು ಎಂದು ಜನ ಬೇರೆ ಬೇರೆ ಮಾಡುವುದು ಅವನಿಗೆ ಹುಟ್ಟಿದಾಗಿನಿಂದ ಒಂದೇ ಮಬ್ಬು. ಇದು ಗೊತ್ತಿದ್ದವಳು ಅವನ ಹೆಂಡತಿ ಒಬ್ಬಳೇ. ಹೋದ ಮನೆಗಳಲ್ಲೆಲ್ಲ ಅವಳು ಉಪ್ಪುಕಾಗದ ಹಿಡಿದು ಅವನ ಬೆನ್ನ ಹಿಂದೆ ಕೂರುತ್ತಿದ್ದಳು. ಪಾಪ, ಗಂಡನಿಗೆ ಕೈಯಾಸರೆಗೆ ಬರುತ್ತಾಳೆ ಎಂದು ನೋಡಿದವರು ತಿಳಿದಿದ್ದರು. "ರೀ, ಕೆಂಪು ಜಾಸ್ತಿ. ಇದೇನು ಕುರ್ಚಿನೋ, ನಾಚಿಕೊಂಡ ಮದುಮಗಳೋ? ಇನ್ನೊಂದು ಚಿಟಿಕೆ ಕಪ್ಪು ಹಾಕಿ," ಎಂದು ಅವಳು ಗೊಣಗುವಳು, ಇವನು ಹಾಕುವನು. ಭೇಷ್ ಎನ್ನಿಸಿಕೊಳ್ಳುತ್ತಿದ್ದುದು ಮಾತ್ರ ಇವನು.

ಅವಳ ಬಾಯಲ್ಲಿ ಮೊದಲ ಸಲಕ್ಕೇ 'ಸರಿ' ಎಂಬ ಮಾತು ಬಂದದ್ದೇ ಇಲ್ಲ. "ನಿನ್ನನ್ನ ಮೆಚ್ಚಿಸೋಕೆ ಆ ಬ್ರಹ್ಮನಿಗೂ ಆಗಲ್ಲ ಕಣೇ," ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಇವನು ರೇಗುತ್ತಿದ್ದ. ಅವಳು ತೀರಿಕೊಂಡ ಮೇಲೆ ಒಪ್ಪಿಕೊಂಡ ಮೊದಲ ಕೆಲಸ ಇದು. ಇದು ಕೈಕೊಟ್ಟರೆ ಡಬ್ಬಿಗಳನ್ನು ಅಟ್ಟಕ್ಕೆ ಹಾಕಿ ಸುಮ್ಮನೆ ಮನೆಯಲ್ಲಿ ಕೂರುವುದೇ ಎಂದು ಬರುವಾಗಲೇ ನಿಶ್ಚಯಿಸಿಕೊಂಡಿದ್ದ. ಆ ಮನೆಯಲ್ಲಿ ಸುಮ್ಮನೆ ಕೂರುವುದೆಂದರೆ ಅವನಿಗೆ ಭಯ.

ಸುಳ್ಳು ನಾಲಗೆಯ ತುದಿಗೆ ಬಂತು; ಮುಂದಕ್ಕೆ ಬರಲಿಲ್ಲ.

"ನನಗೆ ಕೆಂಪು ಕಾಣಲ್ಲಮ್ಮ," ಎಂದ. "ಇಷ್ಟು ವರ್ಷ ನನ್ನ ಹೆಂಡ್ತಿ ನೋಡಿ ಹೇಳ್ತಿದ್ಲು, ನಾನು ಬಳೀತಿದ್ದೆ. ಈಗ ಅವಳು ಹೋಗಿಬಿಟ್ಲು. ಇದನ್ನ ಅಂದಾಜಿನ ಮೇಲೆ ಮಾಡಿದ್ದು."

ಯಜಮಾನರು ಪೇಪರು ಮಡಿಸಿದರು. ಯಜಮಾನಿಯ ಕೈ ಸೊಂಟದಿಂದ ಕೆಳಗಿಳಿಯಿತು.

ಹೇಳಿಬಿಟ್ಟ ಮೇಲೆ ಮೇಸ್ತ್ರಿಗೆ ಎದೆಯ ಭಾರ ಇಳಿದಂತಾಯಿತು. ಅರೆ, ಇಷ್ಟೇ ತಾನೇ! ಕಣ್ಣು ಯಾರ ಮನೆಯಲ್ಲಿಲ್ಲ? ಆಯಾ ಮನೆಯವರನ್ನೇ ಕೇಳಿಕೊಂಡು ಮಾಡಿದರಾಯಿತು. ಅವನಿಗೆ ಒಮ್ಮೆಲೇ ಹುರುಪು ಬಂತು.

"ಒಂದು ಉಪಕಾರ ಮಾಡಿಮ್ಮ. ಈಗ ಮುಖಕ್ಕೆ ಹೊಡೆದ ಹಾಗೆ ಕೆಂಪಾಯ್ತು ಅಂದ್ರಲ್ಲ, ಹಾಗೇ ಹೇಳ್ತಾ ಹೋಗಿ. ನಾನು ಕಪ್ಪು ಸೇರಿಸ್ತಾ ಹೋಗ್ತೀನಿ. ಹೊಂದೋವರೆಗೂ ಬಿಡಬೇಡಿ, ದಾಕ್ಷಿಣ್ಯ ಬೇಡ. ಹೊತ್ತಾದ್ರೂ ಪರವಾಗಿಲ್ಲ."

"ಆಗಲಿ ಮೇಸ್ತ್ರಿ, ಅದಕ್ಕೇನಂತೆ," ಎಂದರು ಯಜಮಾನಿ. ಹಳೆಯ ಕುರ್ಚಿಯೊಂದನ್ನು ಹತ್ತಿರಕ್ಕೆ ಎಳೆದುಕೊಂಡು ಕೂತರು.

ಮೇಸ್ತ್ರಿ ಕಪ್ಪು ಪುಡಿಯ ಡಬ್ಬಿ ತೆಗೆದು ಒಂದು ಚಿಟಿಕೆಯನ್ನು ಬಟ್ಟಲಿಗೆ ಹಾಕಿಟ್ಟುಕೊಂಡ. ಬಣ್ಣ ಹಚ್ಚುವ ಮುಂಚೆ ಮರದ ಮೇಲಿನ ಧೂಳು ಹೋಗಬೇಕು. ಹೊಸ ಬಟ್ಟೆಯ ಚೂರನ್ನು ಬರೀ ಸ್ಪಿರಿಟ್ಟಿನಲ್ಲಿ ಅದ್ದಿ, ಕುರ್ಚಿಯ ಬೆನ್ನಿನ ಮೇಲೆ ಹಗುರವಾಗಿ ಒಂದು ಸಲ ಎಳೆದ.

"ಹಾಂ! ಈಗ ಸರಿಹೋಯ್ತು ನೋಡಿ," ಎಂದರು ಯಜಮಾನಿ. ಅವರ ದನಿ ತುಂಬ ಮೆತ್ತಗಾಗಿತ್ತು. "ಒಂಚೂರೂ ವ್ಯತ್ಯಾಸ ಇಲ್ಲ. ಅಲ್ವೇನ್ರೀ?"

"ಒಂಚೂರೂ ಇಲ್ಲ," ಎಂದರು ಯಜಮಾನರು.

ಮೇಸ್ತ್ರಿ ತಿರುಗಿ ನೋಡಿದ. ಇಬ್ಬರೂ ಕುರ್ಚಿಯನ್ನು ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದರು. ಅವನ ಕೈಯಲ್ಲಿದ್ದ ಬಟ್ಟೆಗೆ ಇನ್ನೂ ಬಣ್ಣವನ್ನೇ ಸೋಕಿಸಿರಲಿಲ್ಲ.