ಕೆಂಗಲ್ ಸ್ಟಾಪಿನಲ್ಲಿ

ಬಿಡದಿ ಫ್ಯಾಕ್ಟರಿಯ ಹೆಣ್ಣುಮಕ್ಕಳು ತುಂಬಿದ್ದ ಬಸ್ಸು ಕೆಂಗಲ್ಲಿನಲ್ಲಿ ನಿಂತಾಗ ಚನ್ನಲಿಂಗಪ್ಪ ಕನಸಿನಲ್ಲಿದ್ದವನಂತೆ ಎದ್ದ. ಪ್ರಾಸ್ಟೇಟ್ ಆಪರೇಷನ್ ಆದಮೇಲೆ ಎರಡು ಸಲ ಬೆಂಗಳೂರಿನ ಡಾಕ್ಟರಿಗೆ ತೋರಿಸಲು ಹೊರಟವನು ಇಲ್ಲೇ ಇಳಿದು, ಗುಡಿಯ ಮರದಡಿ ಮೋಡ ತೇಲುವುದನ್ನು ನೋಡುತ್ತ ಹೊತ್ತು ಕಳೆದು, ಮನೆಯಲ್ಲಿ "ತೋರಿಸ್ಕಂಡು ಬಂದೆ" ಅಂದಿದ್ದ. ಈ ಸಲ ಹೆಂಡತಿ ಸುಂದರಮ್ಮ ಪಕ್ಕದಲ್ಲಿದ್ದಳು.

"ಇಲ್ಯಾಕ್ ಎದ್ರಿ?"

ಅವನು ಬಾಗಿ ಪಿಸುಗುಟ್ಟಿದ. "ಆಪರೇಷನ್ ಆದಾಗಿಂದ ಉಚ್ಚೆ ತಾನಾಗೇ ಸೋರ್ತದೆ ಕಣೆ. ಈ ಹೆಣ್ಮಕ್ಕಳ ಮುಂದೆ ಪಂಚೆ ನೆಂದ್ರೆ? ಡಾಕ್ಟ್ರಿಗಾದ್ರೂ ಹೆಂಗೇಳ್ಲಿ?"

ಸುಂದರಮ್ಮ ಕೈ ಹಿಡಿದು ಕೂರಿಸಿದಳು. "ಕೊನೆ ಮಗು ಹೆತ್ತಾಗಿಂದ ನಂಗೂ ಅಂಗೇಯ. ಕೆಮ್ಮಿದ್ರೆ ಸೀರೆ ನೆನೀತದೆ. ಯಾರ್ಗೂ ಹೇಳಿಲ್ಲ."

ಮೂವತ್ತು ವರ್ಷ ಜೊತೆಗೆ ಬಾಳಿದವಳನ್ನು ಅವನು ಮೊದಲ ಸಲ ಕಂಡಂತೆ ನೋಡಿದ.

"ಯಾರ್ರೀ ಇಳಿಯೋರು?" ಕಂಡಕ್ಟರ್ ಕೂಗಿದ.

"ಯಾರೂ ಇಲ್ಲ," ಅಂದ ಚನ್ನಲಿಂಗಪ್ಪ. "ರೈಟ್ ಅನ್ನಪ್ಪ."